ಗೋಡೆಯಾಚೆಯ ಕುದುರೆ

ಬೆಳ್ಳಿತೆರೆಗೆ ಇನ್ನೂ ಬಣ್ಣ ಹತ್ತದಿದ್ದ ಕಾಲದಲ್ಲಿ, ಒಂದು ಟಾಕೀಸಿನ ಗೋಡೆಯಾಚೆ ಒಂದು ಕುದುರೆ ಓಡುತ್ತಿತ್ತು. ಗೋಡೆಯ ಈಚೆ, ಟೀ ಅಂಗಡಿಯಲ್ಲಿ, ಒಬ್ಬ ಹುಡುಗಿ ಲೋಟ ತೊಳೆಯುತ್ತಾ ಅದರ ಟಪಟಪ ಸದ್ದು ಕೇಳುತ್ತಿದ್ದಳು. ಒಳಗೆ ಹೋಗಿ ನೋಡೋಣವೆಂದರೆ ಒಲೆ ಬಿಡುವ ಹಾಗಿಲ್ಲ. ಮಾತು ಕೇಳಿ ತಿಳಿಯೋಣವೆಂದರೆ ಅದು ಯಾವುದೋ ದೂರದೇಶದ ಭಾಷೆ. ಪೋಸ್ಟರಿನಲ್ಲಿ ಗಾಳಿಗೆ ಮುಖವೊಡ್ಡಿ ನಿಂತ ಹೆಂಗಸೊಬ್ಬಳಿದ್ದಳು. ಅವಳೇ ರಾಣಿ, ಕುದುರೆ ಅವಳದೇ ಎಂದು ಹುಡುಗಿ ತೀರ್ಮಾನಿಸಿಬಿಟ್ಟಳು.

ಆ ಹುಡುಗಿ ಅಜ್ಜಿಯಾದಳು. ಮೊಮ್ಮಗಳು ತೊಡೆಯೇರಿದಾಗ ಕುದುರೆಯೂ ಜೊತೆಗೇ ಬಂತು. ಬೆಟ್ಟ ಹತ್ತಿತು, ಹೊಳೆ ಹಾರಿತು, ಗಂಡನನ್ನು ಹುಡುಕಿ ಹೊರಟ ರಾಣಿಯನ್ನು ಹೊತ್ತು ಕಡಲ ತನಕ ಓಡಿತು. ಅಲ್ಲಿಗೆ ಅಜ್ಜಿ ಕಥೆ ನಿಲ್ಲಿಸಿಬಿಡುತ್ತಿದ್ದಳು.

"ಆಮೇಲೆ?"

"ಆಮೇಲಿಂದು ನೀನು ದೊಡ್ಡೋಳಾದ್ಮೇಲೆ. ಖಂಡಿತ ಹೇಳ್ತೀನಿ, ಮಲ್ಕೋ."

ಹೇಳುವುದಾದರೂ ಏನನ್ನು? ಪ್ರತಿ ಆಟದ ಕೊನೆಗೂ ಆ ಸದ್ದು ತಟ್ಟನೆ ನಿಂತುಬಿಡುತ್ತಿತ್ತು. ಮತ್ತೆ ಸೊಲ್ಲಿಲ್ಲ. ಬಾಗಿಲು ತೆರೆದರೆ ಜನ ಕಣ್ಣೊರೆಸಿಕೊಳ್ಳುತ್ತಾ ಟೀಗೆ ಬರುತ್ತಿದ್ದರು. ಕುದುರೆ ಸತ್ತಿತೇ ಎಂದು ಅವರನ್ನು ಕೇಳುವ ಧೈರ್ಯ ಅವಳಿಗೆ ಒಮ್ಮೆಯೂ ಬರಲಿಲ್ಲ. ಕೂಸಿನ ಮುಂದೆ ಅದನ್ನು ಸಾಯಿಸುವ ಮನಸ್ಸಂತೂ ಬರಲೇ ಇಲ್ಲ.

ಈಗ ಆ ಹಳೇ ಸಿನಿಮಾ ಮೈಮೇಲಿನ ಧೂಳು ಕೊಡವಿಕೊಂಡು ಅದೇ ಟಾಕೀಸಿಗೆ ಮರಳಿತ್ತು. ಮೊಮ್ಮಗಳು ಮ್ಯಾಟಿನಿಗೆ ಎರಡು ಟಿಕೆಟ್ ಹಿಡಿದುಕೊಂಡೇ ಬಂದಳು.

"ಅಜ್ಜಿ, ನಿನ್ನ ರಾಣಿ ವಾಪಸ್ ಬಂದಿದ್ದಾಳೆ. ಏಳು, ಹೊರಡು."

"ಮಂಡಿನೋವು ಕಣೆ."

"ನಿನ್ನೆ ಮಹಡಿ ಹತ್ತಿ ಬಟ್ಟೆ ಒಣಗಿಸಿದ್ಯಲ್ಲ?"

"ಅದಕ್ಕೇ ಇವತ್ತು ನೋವು."

"ಹಾಗಾದ್ರೆ ಇಲ್ಲೇ ಕಥೆ ಮುಗಿಸಿಬಿಡು. ನಂಗೆ ಮದುವೆ ವಯಸ್ಸು ಬಂತು, ರಾಣಿ ಇನ್ನೂ ಕಡಲ ದಂಡೇಲೇ ನಿಂತಿದ್ದಾಳೆ!"

ಅಜ್ಜಿ ಚಪ್ಪಲಿ ಮೆಟ್ಟಿದಳು.

ಗೋಡೆಯ ಆ ಬದಿಗೆ ಅವಳು ಕೂತದ್ದು ಅದೇ ಮೊದಲು. ಒಲೆಯಿಲ್ಲ, ಲೋಟವಿಲ್ಲ, ಕೈ ಎಲ್ಲಿಡಬೇಕೆಂದೇ ತೋಚಲಿಲ್ಲ. ಕತ್ತಲಾಯಿತು. ಟಪಟಪ ಶುರುವಾಯಿತು. ಮನೆಯೆತ್ತರದ ತೆರೆಯ ಮೇಲೆ ಒಂದು ಪಾದ ಕಾಣಿಸಿತು. ಅದರ ಕೆಳಗೆ ಹೊಲಿಗೆ ಮಿಷನ್ನಿನ ಪೆಡಲು.

ಮೊಮ್ಮಗಳು ಬಾಯಿಗೆ ಅಂಗೈ ಒತ್ತಿಕೊಂಡು ಕುಲುಕುಲು ನಕ್ಕಳು. "ಅಜ್ಜೀ, ನಿನ್ನ ಕುದುರೆ!"

"ನಗಬೇಡ ಸುಮ್ನಿರು. ಗೋಡೆ ದಪ್ಪ ಇತ್ತು."

ರಾಣಿಯೆಂದರೆ ಬಂದರಿನ ಒಬ್ಬ ದರ್ಜಿ ಹೆಂಗಸು. ಗಂಡ ಹಡಗು ಹತ್ತಿ ಹೋದವನು ಪತ್ತೆಯಿಲ್ಲ. ಊರವರ ಬಟ್ಟೆಯನ್ನೆಲ್ಲ ಹೊಲಿಯುತ್ತಾ ಅವಳು ದಾರಿ ಕಾಯುತ್ತಾಳೆ. ಅಳು ಬಂದರೆ ಮಿಷನ್ನು ಜೋರಾಗುತ್ತದೆ, ಆಸೆ ಹುಟ್ಟಿದರೆ ಮೆಲ್ಲಗಾಗುತ್ತದೆ. ಅವಳ ಒಂದೊಂದು ರೆಪ್ಪೆಗೂದಲೂ ತೆಂಗಿನ ಗರಿಯಷ್ಟು ದೊಡ್ಡದಾಗಿ ಕಾಣುತ್ತಿದ್ದರೆ ಅಜ್ಜಿ ತನ್ನ ನಾಚಿಕೆಯನ್ನೇ ಮರೆತಳು. ಆದರೆ ಸದ್ದುಗಳ ಸಾಲು ಅವಳಿಗೆ ಬಾಯಿಪಾಠ. ಹಡಗಿನ ಕೂಗು ಕೇಳಿದ್ದೇ ಮೊಮ್ಮಗಳ ಮುಂಗೈ ಹಿಡಿದಳು.

"ಬಾ, ಹೋಗೋಣ."

"ಇನ್ನೇನು ಮುಗೀತಲ್ಲ ಅಜ್ಜಿ!"

"ಅದಕ್ಕೇ ಬಾ ಅಂದಿದ್ದು."

ಮೊಮ್ಮಗಳು ಏಳಲಿಲ್ಲ. ಟಪಟಪ ನಿಂತಿತು. ಅಜ್ಜಿ ಕಣ್ಣು ಮುಚ್ಚಿಕೊಂಡಳು. ಸುತ್ತ ಯಾರೋ ಮೂಗೆಳೆದುಕೊಂಡರು. ಒಂದು ಕಣ್ಣನ್ನು ಇಷ್ಟೇ ಇಷ್ಟು ತೆರೆದರೆ, ಪೆಡಲಿನಿಂದ ಎತ್ತಿದ ಪಾದ ಗಾಳಿಯಲ್ಲೇ ನಿಂತಿದೆ. ಅರ್ಧ ಹೊಲಿದ ಬಟ್ಟೆ ಸೂಜಿಯ ಕೆಳಗೇ ಇದೆ. ಹೆಂಗಸು ಬಾಗಿಲ ಕಡೆ ನೋಡುತ್ತಿದ್ದಾಳೆ. ಬಾಗಿಲಲ್ಲಿ ಹೆಗಲಿಗೆ ಚೀಲ ಹಾಕಿದ, ಗಡ್ಡ ನರೆತ ಒಬ್ಬ ಗಂಡಸು. ಇಬ್ಬರಿಗೂ ಮಾತೇ ಹೊರಡುತ್ತಿಲ್ಲ.

ಹೊರಗೆ ಇನ್ನೂ ಬಿಸಿಲಿತ್ತು. ಟಾಕೀಸಿನ ಮೆಟ್ಟಿಲ ಮೇಲೆ ಅಜ್ಜಿ ಉಸ್ಸೆಂದು ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದಳು.

"ಬಾ ಇಲ್ಲಿ. ಎಲ್ಲಿಗೆ ನಿಲ್ಸಿದ್ದೆ?"

"ಕಡಲ ದಂಡೆಗೆ."

"ಹ್ಞಾಂ. ದಂಡೆಗುಂಟ ಕುದುರೆ ಓಡ್ತು, ಓಡ್ತು, ಓಡ್ತಾನೇ ಇತ್ತು. ಆಮೇಲೆ ಒಂದಿನ, ಇದ್ದಕ್ಕಿದ್ದ ಹಾಗೆ ನಿಂತುಬಿಡ್ತು."

"ಸುಸ್ತಾಯ್ತಾ ಅದಕ್ಕೆ?"

"ಇಲ್ಲ ಕಣೆ," ಎಂದಳು ಅಜ್ಜಿ. "ಮನೆ ಬಂತು."