ಆನೆ ಹತ್ತಿರ ಬಂದಾಗ

ಪರದೆಯ ಮೇಲೆ ನಾಯಕ ಬಗ್ಗಿ ಆನೆಯ ಬಿಸಿ ಲದ್ದಿ ಮುಟ್ಟಿದ. ನಿರ್ದೇಶಕ ಬಸವಕುಮಾರ್ ಪರದೆ ಬಿಟ್ಟು ಪಕ್ಕದ ಸೀಟಿನ ಕ್ಯಾತಯ್ಯನ ಕೈಯನ್ನೇ ನೋಡತೊಡಗಿದ. ಶೂಟಿಂಗಿಗೆ ರಾಮಾಪುರದ ಕಾಡು ತೋರಿಸಿದ ಸೋಲಿಗ ಅವನು. ಅವನು ಹೆದರಿದರೆ ಸಿನಿಮಾ ಗೆದ್ದಂತೆ ಎಂದು ಬಸವಕುಮಾರ್ ತಿಂಗಳುಗಟ್ಟಲೆ ಅಂದುಕೊಂಡಿದ್ದ.

ಆ ಕೈ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಅಷ್ಟರಲ್ಲಿ ಹಿನ್ನೆಲೆ ಸಂಗೀತ ಏರಿತು, ಕೊಳ್ಳೇಗಾಲದ ಥಿಯೇಟರಿನ ತುಂಬಾ ಶಿಳ್ಳೆ ಬಿತ್ತು. ಕ್ಯಾತಯ್ಯನ ಕೈ ಮಾತ್ರ ಸಡಿಲವಾಗಿ, ಸೊಂಟದ ಎಲೆಅಡಿಕೆ ಚೀಲ ಬಿಚ್ಚಿತು.

“ಯಾಕೆ ಕ್ಯಾತಯ್ಯ, ಭಯ ಆಗ್ಲಿಲ್ವಾ?”

“ಆಗಿತ್ತು ಸಾ. ಆನೆ ಅತ್ರ ಬಂದ್ರೆ ಕಾಡ್ನಲ್ಲಿ ಜೀರುಂಡೆನೂ ಉಸ್ರೆತ್ತಾಕಿಲ್ಲ. ಇಷ್ಟೊಂದು ವಾದ್ಯ ಕೇಳ್ತಲ್ಲ, ಅದು ದೂರ ಓಯ್ತು ಅಂತ ಧೈರ್ಯ ಬಂತು.”