ಗಂಟಿನಲ್ಲಿ ಬಂದ ಬಲ್ಬು

ಕಂಪ್ಯೂಟರಿನ ಪರದೆಯ ಮೇಲಿನ ಗೆರೆ ಇಂದೂ ಮೇಲೆದ್ದಿರಲಿಲ್ಲ. ಆದಿಲಾಬಾದಿನ ಕಾಡಿನೊಳಗಿನ ಗೊಂಡರ ಹಾಡಿ ಜಾಮುಲಗೂಡ. ಅಲ್ಲಿನ ಮೂವತ್ತೆರಡು ಮನೆಗಳಿಗೆ ಸೋಲಾರ್ ದೀಪ ಹಾಕಿ ನಲವತ್ತು ದಿನವಾಗಿತ್ತು. ಎಷ್ಟು ಮನೆಗಳಲ್ಲಿ ದೀಪ ಉರಿಯುತ್ತಿದೆ ಎಂದು ತೋರಿಸುವ ಆ ಗೆರೆಯ ಪ್ರಕಾರ ಉರಿದದ್ದು ಒಂದೂ ಇಲ್ಲ. ಇತ್ತ ನಗರದಲ್ಲಿ, ಬೇಗಂಪೇಟೆಯ ಆಫೀಸಿನಲ್ಲಿ ಕೂತು ಇಂಜಿನಿಯರ್ ವಿಜಯಶ್ರೀ ಆ ಗೆರೆಯನ್ನೇ ದುರುಗುಟ್ಟಿ ನೋಡುತ್ತಿದ್ದಳು. ದುರುಗುಟ್ಟಿದರೆ ಏಳುವ ಗೆರೆಯಾಗಿದ್ದರೆ ಅದು ಎಂದೋ ಎದ್ದು ಕುಣಿಯುತ್ತಿತ್ತು. ಹನ್ನೆರಡು ದಿನ ಆ ಊರಲ್ಲೇ ಉಳಿದು, ಏಣಿ ಹತ್ತಿ, ತಂತಿ ಎಳೆದು, ಅವಳು ಕೈಯಾರೆ ಮಾಡಿದ ಮೊದಲ ಕೆಲಸ ಅದು.

"ಇವತ್ತ ಐದರೊಳಗ ಸಹಿ ಮಾಡಿ ಕೊಡ್ರಿ," ಎಂದು ಮ್ಯಾನೇಜರ್ ಮಹೇಶಕುಮಾರ ಫಾರಂ ತಂದು ಮುಂದಿಟ್ಟ. "ಆ ಮಂದಿಗೆ ಬ್ಯಾಡಾಗೈತಿ. ಎಲ್ಲಾ ಬಿಚ್ಚಿ ಬ್ಯಾರೆ ಊರಿಗೆ ಹಾಕೂಣು."

ಫಾರಂನಲ್ಲಿ 'ಕಾರಣ' ಎಂಬ ಕಲಂ ಇತ್ತು. 'ಜನರಿಗೆ ಹೊಸದೆಂದರೆ ಅಂಜಿಕೆ' ಎಂದು ಮಹೇಶಕುಮಾರ ಆಗಲೇ ಬರೆದೂ ಆಗಿತ್ತು. ಅವನು ಆ ಊರನ್ನು ಕಂಡದ್ದು ನಕ್ಷೆಯಲ್ಲಿ ಮಾತ್ರ. ವಿಜಯಶ್ರೀಗೆ ಒಪ್ಪಲು ಮನಸ್ಸಿಲ್ಲ, ಅಲ್ಲಗಳೆಯಲು ಆಧಾರವಿಲ್ಲ. ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಅಷ್ಟರಲ್ಲಿ ಬಾಗಿಲಲ್ಲಿ ಬಿಳಿ ರುಮಾಲಿನ ಮುದುಕರೊಬ್ಬರು ಕಾಣಿಸಿಕೊಂಡರು. ಜಾಮುಲಗೂಡದ ಹಿರಿಯ, ಸಿಡಾಂ ಜಂಗು ಪಟೇಲರು. ರೈಲಿಳಿದು, ದಾರಿ ಕೇಳುತ್ತ ಕೇಳುತ್ತ ನಡೆದು ಬಂದ ಧೂಳು ಇನ್ನೂ ಕಾಲ ಮೇಲಿತ್ತು. ಅವರು ಆಡುವ ಮರಾಠಿ ಬೀದರಿನ ಹುಡುಗಿ ವಿಜಯಶ್ರೀಗೆ ನೀರು ಕುಡಿದಷ್ಟು ಸಲೀಸು. ನಾವು ಅದನ್ನು ಅವಳ ಕನ್ನಡದಲ್ಲೇ ಕೇಳೋಣ.

"ಎಂಟು ದಿನಕ್ಕ ಬರ್ತೀನಿ ಅಂದಿದ್ರಿ, ಬಾಯಿಯವರ. ಊರಿಗೂರ ಕಾಯಾಕತ್ತೈತಿ."

"ದೀಪ ಹಚ್ಚಾಕ ನಾ ಯಾಕ ಬೇಕ್ರಿ ಪಟೇಲರ? ಗುಂಡಿ ಒತ್ತಿದ್ರ ಆತು."

ಇಷ್ಟು ಓದಿದವಳಿಗೆ ಇಷ್ಟೂ ತಿಳಿಯದೇ ಎಂಬಂತೆ ಪಟೇಲರು ಅವಳ ಮುಖ ನೋಡಿದರು. "ಹೊಸ ಬೆಳಿ ಬಂದ್ರ ಮೊದಲ ದೇವರಿಗೆ. ಆಮ್ಯಾಲ ಬಿತ್ತಿದವರಿಗೆ. ಆಮ್ಯಾಲ ಊರಿಗೆ. ದೇವರದು ನಾವು ಮಾಡಿ ಮುಗಿಸೇವಿ. ಬಿತ್ತಿದಾಕಿ ನೀವು. ನೀವು ಹಚ್ಚದ ನಾವು ಹ್ಯಾಂಗ ಹಚ್ಚೂದು?"

ವಿಜಯಶ್ರೀ ನಾಲಿಗೆ ಕಚ್ಚಿಕೊಂಡಳು. ತಾರ್ನಾಕದ ಅವಳ ಮನೆಯಲ್ಲಿ ಹೊಸ ಮಿಕ್ಸರ್ ವಾರದಿಂದ ಡಬ್ಬಿಯೊಳಗೇ ಕೂತಿತ್ತು. ಶುಕ್ರವಾರ ಬಂದು, ಅರಿಷಿಣ ಕುಂಕುಮ ಏರುವವರೆಗೆ ಯಾರೂ ಕೈ ಹಚ್ಚಕೂಡದೆಂದು ಅತ್ತೆ ಶಾರದಾಬಾಯಿಯ ಅಪ್ಪಣೆ. ಇಂದು ಬೆಳಿಗ್ಗೆಯೂ ಹಳೆಯ ಮಿಕ್ಸರಿನ ಕಿರುಚಾಟದಲ್ಲೇ ಚಟ್ನಿ ರುಬ್ಬಿ ಬಂದವಳು ಇವಳು. ಅತ್ತೆಗೆ ಮಿಕ್ಸರ್ ಎಂದರೆ ಅಂಜಿಕೆ ಎಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಕೊಟ್ಟ ಮಾತು ಮರೆತ ನಾಚಿಕೆ, ದೀಪ ಬೇಡವಾಗಿಲ್ಲ ಎಂಬ ಖುಷಿ, ಎರಡೂ ಒಟ್ಟಿಗೇ ಬಂದವು.

"ನೀವು ಬರೂ ಹಂಗ ಕಾಣಲಿಲ್ಲ," ಎಂದು ಪಟೇಲರು ಹೆಗಲ ಗಂಟು ಬಿಚ್ಚಿದರು. "ಅದಕ್ಕ ದೀಪಾನೇ ಕರಕೊಂಡು ಬಂದೀನಿ." ಒಡೆಯದಿರಲೆಂದು ಜೋಳದ ಕಾಳಿನ ನಡುವೆ ಹೂತಿಟ್ಟ ಬಲ್ಬು ಹೊರಬಂತು.

ಮಹೇಶಕುಮಾರನಿಗೆ ಸಮಾಧಾನವಾಯಿತು. "ಇಷ್ಟೇ ಏನ್ರಿ? ತರ್ರಿ ಇಲ್ಲಿ," ಎಂದು ಮೇಜಿನ ದೀಪದ ಬಲ್ಬು ಕಳಚತೊಡಗಿದ.

"ಬ್ಯಾಡ್ರಿ ಸರ್, ಸುಟ್ಟು ಹೋಗ್ತದ. ಇದು ಹನ್ನೆರಡು ವೋಲ್ಟಿನ ಬಲ್ಬು. ಇದಕ್ಕ ಸೋಲಾರ್ ಕರೆಂಟೇ ಬೇಕು."

"ನಮ್ಮ ಆಫೀಸಿನ್ಯಾಗ ಸೋಲಾರ್ ಎಲ್ಲೈತಿ?"

ತಲೆಯ ಮೇಲೆ ನಾಲ್ಕು ಏಸಿಗಳು ಗುಂಯ್ ಎನ್ನುತ್ತಿದ್ದವು.

ಕೊನೆಗೆ ವಿಜಯಶ್ರೀಗೇ ನೆನಪಾಯಿತು. ಬಂದವರಿಗೆ ತೋರಿಸಲೆಂದು ಬಾಗಿಲ ಬಳಿ, ಹೂಕುಂಡಗಳ ನಡುವೆ, ಒಂದು ಪ್ಯಾನೆಲ್ ಬಹಳ ದಿನದಿಂದ ನಿಂತೇ ಇತ್ತು. ಒಂದು ತುದಿ ಇಂಜಿನಿಯರ್, ಇನ್ನೊಂದು ತುದಿ ಮ್ಯಾನೇಜರ್ ಹಿಡಿದು ಅದನ್ನು ಮಾಳಿಗೆಗೆ ಹೊತ್ತರು. ಬಲ್ಬನ್ನು ಮಾತ್ರ ಪಟೇಲರು ಯಾರ ಕೈಗೂ ಕೊಡಲಿಲ್ಲ.

ಮಟಮಟ ಮಧ್ಯಾಹ್ನ. ವಿಜಯಶ್ರೀ ತಂತಿ ಜೋಡಿಸಿ, ಚಪ್ಪಲಿ ಕಳಚಿಟ್ಟು, ಗುಂಡಿ ಒತ್ತಿದಳು. ಆ ಬಿಸಿಲಿನಲ್ಲಿ ಬಲ್ಬು ಹತ್ತಿದ್ದೇ ಕಾಣಲಿಲ್ಲ. ಪಟೇಲರು ರುಮಾಲು ಬಿಚ್ಚಿ ನೆರಳು ಹಿಡಿದು, ಬಗ್ಗಿ ನೋಡಿ, ಖಾತ್ರಿ ಮಾಡಿಕೊಂಡು ಫೋನ್ ಹಚ್ಚಿದರು. ಊರಲ್ಲಿ ಸಿಗ್ನಲ್ ಸಿಗುವ ಒಂದೇ ಜಾಗವಾದ ನೀರಿನ ಟಾಕಿಯ ಮೇಲೆ, ದೀಪಗಳ ಲೆಕ್ಕ ಕಳಿಸುವ ಪೆಟ್ಟಿಗೆಯ ಪಕ್ಕ, ಅವರ ಸೊಸೆ ಬೆಳಗಿನಿಂದ ಕಾದಿದ್ದಳು.

"ಬಾಯಿಯವರು ದೀಪ ಹಚ್ಚಿದ್ರು. ಇನ್ನ ಹಚ್ಚ್ರಿ."

ಫೋನಿನಲ್ಲಿ ಕೂಗು ಕೇಳಿತು, ಹಿಂದೆಯೇ ಡೋಲು. ವಿಜಯಶ್ರೀ ತನ್ನ ಮೊಬೈಲಿನಲ್ಲಿ ಆ ಗೆರೆಯನ್ನು ತೆರೆದು ಹಿಡಿದಳು. ಎರಡು ಮನೆ. ಒಂಬತ್ತು. ಇಪ್ಪತ್ತು. ಹಾಡಹಗಲಲ್ಲೇ ಊರು ದೀಪ ಹಚ್ಚುತ್ತಿತ್ತು. ಮೂವತ್ತೊಂದಕ್ಕೆ ಗೆರೆ ನಿಂತಿತು; ಮೂವತ್ತೆರಡನೆಯ ಬಲ್ಬು ಇಲ್ಲೇ ಅವರ ಕಾಲ ಬಳಿ ಉರಿಯುತ್ತಿತ್ತು. ಅವಳ ಕಣ್ಣು ತುಂಬಿದವು. ಮಹೇಶಕುಮಾರ ಫಾರಂ ಮಡಚಿ ಜೇಬಿಗೆ ತುರುಕಿದ.

ಪಟೇಲರು ಬಲ್ಬು ಕಳಚಿ ಮತ್ತೆ ಜೋಳದೊಳಗೆ ಮಲಗಿಸಿದರು. ಆಮೇಲೆ ಪ್ಯಾನೆಲ್ಲಿನ ಧೂಳು ಒರೆಸಹೋದವರು ಕೈ ತಡೆದರು. ಮೂಲೆಯಲ್ಲಿ ಮಾಸಿದ ಕುಂಕುಮ, ಒಣಗಿದ ಒಂದು ಚೆಂಡುಹೂವು.

"ಇದಕ್ಕ ಪೂಜಾ ಯಾವಾಗ ಆತ್ರಿ?"

"ಹೋದ ದಸರಾಕ್ಕ," ಎಂದ ಮಹೇಶಕುಮಾರ, ಕೊಂಚ ಹೆಮ್ಮೆಯಿಂದಲೇ. "ಪ್ರತಿ ವರ್ಷ ತಪ್ಪದ ಮಾಡ್ತೀವಿ."

ಪಟೇಲರು ಖಾಲಿ ಮಾಳಿಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಪೂಜಾ ಆಗೇತಿ. ಬಿತ್ತಿದವರು ನೀವು ಇಲ್ಲೇ ಅದೀರಿ. ಮತ್ತ ಇನ್ನೂ ಯಾರ ಹಾದಿ ಕಾಯಾಕತ್ತೀರಿ?"