ಸುಕ್ಕು ಬಿದ್ದ ಸಮುದ್ರ

ಸಮುದ್ರದ ಎಡ ಮೂಲೆಯಲ್ಲಿ ಒಂದು ಸುಕ್ಕು ಬಿದ್ದಿತ್ತು. ಗಂಡ ಅದನ್ನು ಅಂಗೈಯಿಂದ ಸವರಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಬಿಗಿದ.

“ಈಗ ನಗು. ಗಾಳಿ ಬೀಸ್ತಾ ಇದೆ ಅನ್ನೋ ಹಾಗೆ.”

ಅವಳು ನಕ್ಕಳು. ಟೇಬಲ್ ಫ್ಯಾನು ಕೂದಲು ಹಾರಿಸಿತು. ಕ್ಯಾಮೆರಾ ಎರಡು ಸಲ ಸದ್ದು ಮಾಡಿತು.

ಆ ಕೋಣೆ ಮೊದಲು ಹಳೆಯ ಹಾಸಿಗೆ, ಮುರಿದ ಕುರ್ಚಿ, ಖಾಲಿ ರಟ್ಟಿನ ಪೆಟ್ಟಿಗೆಗಳ ಉಗ್ರಾಣವಾಗಿತ್ತು. ಸ್ಟುಡಿಯೋ ಆಗಿ ನಾಲ್ಕು ತಿಂಗಳು. ಮಾಡಿದವಳು ಅವಳೇ. ಗಂಡನಿಗೆ ಗುಂಡಿ ಒತ್ತುವುದಷ್ಟೇ ಗೊತ್ತು. ಗೋಡೆಗೆ ಹೊಳಪಿಲ್ಲದ ಬಿಳಿ ಬಣ್ಣ ಹೊಡೆದದ್ದು, ನೆರಳು ಬೀಳದಂತೆ ಪರದೆಯಿಂದ ನಾಲ್ಕಡಿ ಮುಂದೆ ನಿಲ್ಲುವ ಜಾಗ ಗುರುತು ಮಾಡಿದ್ದು, ಥರ್ಮಾಕೋಲ್ ಹಲಗೆಯಿಂದ ಬೆಳಕನ್ನು ಕೆನ್ನೆಗೆ ತಿರುಗಿಸಿದ್ದು, ಎಲ್ಲ ಅವಳು. ಫೋಟೋಗ್ರಾಫರನ ಮಗಳಲ್ಲವೇ! ತನ್ನ ಪಂಜರಕ್ಕೆ ತಾನೇ ಬಣ್ಣ ಹೊಡೆದ ಗಿಳಿ ಇನ್ನೆಲ್ಲೂ ಇರಲಿಕ್ಕಿಲ್ಲ.

“ಹೆಂಡತಿಗೆ ಮನೇಲೇ ಸ್ಟುಡಿಯೋ ಹಾಕಿಕೊಟ್ಟಿದೀನಿ,” ಎಂದು ಗಂಡ ಆಫೀಸಿನಲ್ಲಿ ಹೇಳಿಕೊಂಡಿದ್ದ. ಪುಣ್ಯವಂತೆ ಎಂದರಂತೆ ಎಲ್ಲರೂ. ಪುಣ್ಯವಂತೆಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುವ ಸಂಗತಿಯನ್ನು ಮಾತ್ರ ಅವನು ಹೇಳಿರಲಿಲ್ಲ.

ಎರಡು ಸಲ ಅವಳು ಬ್ಯಾಗು ಹಿಡಿದು ಹೊರಟಿದ್ದಳು. ಮೊದಲ ಸಲ ಬೀದಿಯ ತಿರುವು ದಾಟಲಿಲ್ಲ. ಎರಡನೆಯ ಸಲ ಬಸ್ ನಿಲ್ದಾಣ ಮುಟ್ಟಿ, ಬರುತ್ತಿದ್ದೇನೆಂದು ಅಣ್ಣನಿಗೆ ಫೋನು ಮಾಡಿ, ಬೆಂಚಿನ ಮೇಲೆ ಕೂತಿದ್ದಳು. ಹಣೆಬರಹ, ಬಸ್ಸಿಗಿಂತ ಮೊದಲು ಗಂಡ ಬಂದ. ಆಮೇಲೆ ಫೋನು ಹೋಯಿತು, ಬೀಗ ಬಂತು. ಕೋಣೆಗೆ ಇದ್ದದ್ದು ಐದು ಕಂಬಿಯ ಒಂದೇ ಕಿಟಕಿ. ಅದರಾಚೆ ಗೋದಾಮಿನ ಬಿಳಿ ಗೋಡೆ. ಕೂಗಿದರೆ ಆ ಗೋಡೆಯೇ ಕೇಳಿಸಿಕೊಳ್ಳಬೇಕು.

ಗಂಡನಿಗಿದ್ದ ಒಂದೇ ಭಯ ಅವಳ ಅಮ್ಮನದು. ಅಣ್ಣನ ಮನೆಯಲ್ಲಿದ್ದ ಅಮ್ಮನಿಗೆ ಕಣ್ಣು ಮಂಜು, ಬಾಯಿ ಹರಿತ. ವಿಷಯ ಕಿವಿಗೆ ಬಿದ್ದರೆ ಉಟ್ಟ ಬಟ್ಟೆಯಲ್ಲೇ ಬಂದು ಬಾಗಿಲು ಒಡೆಯುವ ಹೆಂಗಸು. ಆ ಅಮ್ಮನನ್ನು ಸಮಾಧಾನ ಮಾಡಲು ಈ ಫೋಟೋಗಳು. ಮೊದಲು ಬೆಟ್ಟ, ಆಮೇಲೆ ಸರೋವರ, ಈಗ ಸಮುದ್ರ. ಮಗಳು ಗಂಡನ ಜೊತೆ ಊರೂರು ಸುತ್ತುತ್ತಿದ್ದಾಳೆ, ಹೋದಲ್ಲೆಲ್ಲ ಸಿಗ್ನಲ್ ಸಿಗುವುದಿಲ್ಲ ಎಂಬ ಕಥೆ. ಪರದೆಯನ್ನು ಮಬ್ಬಾಗಿಸಿ ತೆಗೆದರೆ ಯಾರಾದರೂ ನಂಬಬೇಕು.

ಕಳಿಸುವ ಮೊದಲು ಗಂಡ ಪ್ರತಿಯೊಂದನ್ನೂ ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡುತ್ತಿದ್ದ. ಬೆರಳಿನಲ್ಲಿ ಸನ್ನೆ ಮಾಡಿದ್ದಾಳೆಯೇ, ಅಂಗೈಯಲ್ಲಿ ಏನಾದರೂ ಗೀಚಿಕೊಂಡಿದ್ದಾಳೆಯೇ? ಅವನು ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರಬೇಕು ಎಂದುಕೊಂಡಳು ಅವಳು.

ಆಗ ಅಪ್ಪ ನೆನಪಾಗಿದ್ದ.

ಅಪ್ಪ ತನ್ನ ಸ್ಟುಡಿಯೋದಲ್ಲಿ ಮಕ್ಕಳಿಬ್ಬರಿಗೆ ಒಂದು ಆಟ ಆಡಿಸುತ್ತಿದ್ದ. ಯಾರದ್ದೋ ಫೋಟೋ ಮುಂದಿಟ್ಟು, “ದೀಪ ಎಲ್ಲಿತ್ತು ಹೇಳಿ?” ಎನ್ನುತ್ತಿದ್ದ. “ಮುಖ ನೋಡ್ಬೇಡಿ, ಮುಖ ಸುಳ್ಳು ಹೇಳತ್ತೆ. ಕಣ್ಣುಗುಡ್ಡೆ ನೋಡಿ. ಎದುರಿಗೆ ಏನಿತ್ತೋ ಎಲ್ಲಾ ಅದರಲ್ಲಿ ಕೂತಿರತ್ತೆ.” ಅವಳು ತಡವರಿಸುತ್ತಿದ್ದಳು. ಹತ್ತಕ್ಕೆ ಹತ್ತು ಸಲ ಗೆಲ್ಲುತ್ತಿದ್ದದ್ದು ಅಣ್ಣ. ಈಗ ಆ ಸ್ಟುಡಿಯೋ ನಡೆಸುತ್ತಿರುವವನೂ ಅವನೇ.

“ದೀಪ ಒಂದೇ ಆದ್ರೆ ಮುಖ ಹೆಣದ ಹಾಗೆ ಕಾಣತ್ತೆ ರೀ,” ಎಂದು ಅವಳು ಗಂಡನನ್ನು ಒಪ್ಪಿಸಿದ್ದಳು. “ಕಿಟಕಿ ಬೆಳಕೂ ಬೇಕು. ಹತ್ತಿರದಿಂದಲೇ ತೆಗೀರಿ, ಅಮ್ಮನಿಗೆ ಮುಖ ಕಾಣ್ಲಿ.”

ಗಂಡನ ರಜೆಯ ದಿನ, ಮಧ್ಯಾಹ್ನ ಗೋದಾಮಿನ ಗೋಡೆಗೆ ಬಿಸಿಲು ಬಿದ್ದು ಕಿಟಕಿ ಬೆಳಗುವ ಹೊತ್ತಿಗೆ ಅವಳು ಅದಕ್ಕೆ ಮುಖ ಮಾಡಿ ನಿಲ್ಲುತ್ತಿದ್ದಳು. ಕಣ್ಣು ಅರಳಿಸಿ, ರೆಪ್ಪೆ ಬಡಿಯದೆ.

ಸಮುದ್ರದ ಫೋಟೋ ಹೋದ ಮೂರನೆಯ ದಿನ ಗಂಡ ಹೇಳಿದ, “ನಿಮ್ಮಣ್ಣ ಫೋನ್ ಮಾಡಿದ್ದ. ದೊಡ್ಡ ಸೈಜಲ್ಲೇ ಕಳಿಸ್ಬೇಕಂತೆ. ಸರಿಯಾಗಿ ನೋಡ್ಬೇಕಂತೆ.”

“ಕಳ್ಸಿದ್ರಾ?”

“ಕಳಿಸ್ದೆ. ಅದರಲ್ಲಿ ನೋಡೋಕೇನಿದೆಯೋ!”

ಅವಳು ಗೋಡೆಯ ಕಡೆ ತಿರುಗಿ ಥರ್ಮಾಕೋಲ್ ಹಲಗೆಯ ಧೂಳು ಒರೆಸಿದಳು. ಕಣ್ಣೀರು ಬಂದಿತ್ತು, ಅವನಿಗೆ ಕಾಣಬಾರದು. ಅಣ್ಣ ನೋಡಿದ್ದಾನೆ. ಅನುಮಾನ ಬಂದಿದೆ. ಅವನು ಹೊರಟರೆ ಬೆಳಗಾಗುವುದರೊಳಗೆ ಇಲ್ಲಿರುತ್ತಾನೆ. ಗಂಡ ಆಫೀಸಿಗೆ ಹೋದ ಮೇಲೆ ಎರಡು ಜೊತೆ ಬಟ್ಟೆ ಮಡಿಸಿ ಸಮುದ್ರದ ಹಿಂದೆ ಬಚ್ಚಿಟ್ಟಳು. ಚಪ್ಪಲಿಯನ್ನೂ ಇಟ್ಟಳು. ಆ ವಾರವೆಲ್ಲ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಅವಳು ಬಾಗಿಲಿಗೆ ಕಿವಿ ಹಚ್ಚುತ್ತಿದ್ದಳು.

ಎಂಟನೆಯ ದಿನ ಬಾಗಿಲು ತೆರೆಯಿತು. ಅಣ್ಣನಲ್ಲ, ಗಂಡ. ಕೈಯಲ್ಲಿ ಒಂದು ಪಾರ್ಸಲ್.

“ನಿಮ್ಮಣ್ಣ ಕಳಿಸಿದಾನೆ. ಬಿಚ್ಚು.”

ಅಪ್ಪ ಹಾಕುತ್ತಿದ್ದ ಅದೇ ಜೋಡಿ ಗಂಟು. ಬುದ್ಧಿವಂತ ನಮ್ಮಣ್ಣ, ಎಂದುಕೊಂಡಳು. ನೇರವಾಗಿ ಬಂದರೆ ಇವನು ಎಚ್ಚರಾಗುತ್ತಾನೆ, ಅದಕ್ಕೇ ಏನನ್ನೋ ಅಡಗಿಸಿ ಕಳಿಸಿದ್ದಾನೆ. ಗಂಟು ಬಿಚ್ಚಿದಳು.

ಒಳಗೆ ದಪ್ಪ ಕಪ್ಪು ಬಟ್ಟೆ. ಮೇಲಂಚಿಗೆ ತೂಗುಹಾಕಲು ಹಿತ್ತಾಳೆ ಬಳೆಗಳನ್ನು ಹೊಲಿಯಲಾಗಿತ್ತು. ಅವಳು ಅದನ್ನು ಎರಡೂ ಕೈ ಅಗಲಿಸಿ ಹಿಡಿದಳು. ಕಿಟಕಿ ಮುಚ್ಚುವಷ್ಟು ಅಗಲ. ಮೂಲೆಗೆ ಗುಂಡುಸೂಜಿಯಲ್ಲಿ ಚುಚ್ಚಿದ್ದ ಚೀಟಿಯಲ್ಲಿ ಅಣ್ಣನ ದುಂಡಗಿನ ಅಕ್ಷರ.

“ಭಾವ, ಅವಳ ಕಣ್ಣಲ್ಲಿ ಐದು ಕಂಬಿ ಕಾಣ್ತಿದೆ. ಅಮ್ಮನಿಗೆ ಹೊಸ ಕನ್ನಡಕ ಬಂದಿದೆ, ಅದಕ್ಕೇ ಇನ್ನೂ ತೋರಿಸಿಲ್ಲ. ಇದನ್ನ ಕಿಟಕಿಗೆ ಕಟ್ಟಿ, ಇನ್ನೊಂದು ತೆಗೆದು ಕಳಿಸಿ.”